ಎಲುಬಿನ ಕುದುರೆ

ನನ್ನ ಅಕ್ಕ ಪದ್ಮವ್ವ ತೊಗಲು ಮುಟ್ಟುವುದಿಲ್ಲ. ಹತ್ತೊಂಬತ್ತನೆಯ ವರ್ಷಕ್ಕೆ ಗಂಡನನ್ನು ಕಳಕೊಂಡು ಕಾಗವಾಡದಿಂದ ದಿಗ್ಗೇವಾಡಿಗೆ, ನಮ್ಮ ಮನೆಗೆ, ತಿರುಗಿ ಬಂದಳು. ಆ ವರ್ಷ ಊರಿಗೆ ಬಂದಿದ್ದ ಮುನಿಗಳ ಎದುರು ಕೈಮುಗಿದು ಒಂದೊಂದೇ ತ್ಯಾಗ ಮಾಡುತ್ತ ಹೋದಳು. ತೊಗಲಿನ ಚಪ್ಪಲಿ ಬಿಟ್ಟಳು. ಹುಳ ಸಾಯುತ್ತವೆಂದು ರೇಷ್ಮೆ ಬಿಟ್ಟಳು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ ಬಿಟ್ಟಳು. ಇನ್ನು ನಿನಗೆ ಉಳಿದದ್ದಾದರೂ ಏನು ಎಂದು ನಮ್ಮ ಅವ್ವ ಕಣ್ಣೀರು ಹಾಕುತ್ತಿದ್ದಳು. ಉಳಿದದ್ದು ಹಾಡು.

ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ಅಕ್ಕ ಪದ ಹಾಡುವುದು ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ತಿರುಗುತ್ತಿದ್ದ ಆ ದಿನಗಳಲ್ಲೇ ಶುರುವಾಯಿತು. ಎರಡು ಕಂಚಿನ ತಾಳ, ಅವಳ ದನಿ, ಅಷ್ಟೆ. ತಬಲಾಕ್ಕೆ ತೊಗಲು ಕಣ್ಣಿಗೇ ಕಾಣುತ್ತದೆ. ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ತಿದಿಯೊಳಗೂ ಇರುತ್ತದಂತೆ. ಯಾರಾದರೂ ಪೇಟಿ ತಂದು ಕೂತರೆ ಅಕ್ಕ ಬೇಸರ ತೋರಿಸುತ್ತಿರಲಿಲ್ಲ, ಸುಮ್ಮನೆ ಹಿಂದೆ ಸರಿದು ಹೆಂಗಸರ ಸಾಲಿನಲ್ಲಿ ಕೂತು ಕೇಳುತ್ತಿದ್ದಳು.

ಅವಳು ತಿರುಗಿ ಬಂದ ಎರಡನೆಯ ವರ್ಷ ಕೊಲ್ಲಾಪುರದ ಕಡೆಯಿಂದ ಒಬ್ಬ ಕೀರ್ತನಕಾರರು ಬಸದಿಗೆ ಬಂದಿದ್ದರು. ಅವರು ಊಟಕ್ಕೆ ಎದ್ದಾಗ ತಮ್ಮ ತಂಬೂರಿಯನ್ನು ಅಕ್ಕನ ಕೈಗೆ ಕೊಟ್ಟು, ಜೋಪಾನ ತಂಗಿ ಎಂದು ಹೋದರು. ಅಕ್ಕ ಅದನ್ನು ಹೆಗಲಿಗೆ ಆನಿಸಿಕೊಂಡು ಕೂತಳು. ಒಂದೇ ಒಂದು ತಂತಿ ಮೀಟಿದಳು. ಮನೆಗೆ ಬರುವಾಗ ದಾರಿಯಲ್ಲಿ ಅಂದಳು:

"ಆಬಾ, ಇದರಾಗ ತೊಗಲ ಇಲ್ಲ ನೋಡು. ಕಟಗಿ, ಕುಂಬಳಕಾಯಿ ಬುರುಡಿ, ತಂತಿ. ಇಷ್ಟ. ಬಸದ್ಯಾಗ ಒಯ್ಯಾಕ ಬರತೈತಿ."

ನನಗೆ ಆಗ ಹದಿನಾರು. "ನಾ ತಂದ ಕೊಡ್ತೀನಿ ಅಕ್ಕ" ಅಂದೆ. ಆ ವಯಸ್ಸಿನಲ್ಲಿ ಮಾತು ಕೊಡುವುದಕ್ಕೆ ಏನು ಖರ್ಚು?

ಅವಳು ಮತ್ತೆಂದೂ ಅದನ್ನು ಕೇಳಲಿಲ್ಲ. ನಾನು ತರಲಿಲ್ಲ. ದುಡ್ಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಹೊಲದ ತಂಬಾಕು ನಿಪ್ಪಾಣಿಯ ಪೇಟೆಗೆ ಹೋದ ವರ್ಷಗಳಲ್ಲಿ ಕೈಯಲ್ಲಿ ಚೆನ್ನಾಗಿಯೇ ಆಡುತ್ತಿತ್ತು, ಕಬ್ಬು ಬಂದ ಮೇಲೆ ಇನ್ನೂ ಆಡಿತು. ಮರೆತಿದ್ದೆ ಎಂದರೂ ಸುಳ್ಳು. ಮಿರಜಕ್ಕೆ ವರ್ಷಕ್ಕೆ ಹತ್ತು ಸಲ ಹೋಗುತ್ತಿದ್ದೆ. ದವಾಖಾನೆ, ಪಂಪಿನ ಸಾಮಾನು, ಮದುವೆಯ ಬಟ್ಟೆ. ತಂಬೂರಿ ಮಾಡುವವರ ಗಲ್ಲಿಯ ಬಾಯಿಗೆ ಹೋದಾಗೆಲ್ಲ ನೆನಪಾಗುತ್ತಿತ್ತು. ಮುಂದಿನ ಸಲ ಎಂದುಕೊಂಡು ದಾಟುತ್ತಿದ್ದೆ. ಹೀಗೆ ಐವತ್ತು ವರ್ಷದ ಮೇಲೆ ನಾಲ್ಕಾದವು.

ಈ ಸಲ ಆರ್ಯಿಕಾ ಮಾತಾಜಿಯವರ, ಅಂದರೆ ನಮ್ಮ ಜೈನ ಸನ್ಯಾಸಿನಿಯ, ಚಾತುರ್ಮಾಸ ನಮ್ಮೂರಲ್ಲಿ ಎಂದು ಗೊತ್ತಾದಾಗ ಊರಿಗೆ ಊರೇ ಖುಷಿಪಟ್ಟಿತು. ನಾಲ್ಕು ತಿಂಗಳು ದಿನಾಲು ಪ್ರವಚನ, ಪ್ರವಚನಕ್ಕೆ ಮುಂಚೆ ಪದ. ಪದ ಅಂದರೆ ಪದ್ಮವ್ವ, ಅದರಲ್ಲಿ ಎರಡನೆಯ ಮಾತಿರಲಿಲ್ಲ. ಆದರೆ ಅಕ್ಕನಿಗೆ ಎಪ್ಪತ್ತೈದು. ಹಾಡುತ್ತ ಹಾಡುತ್ತ ದನಿ ಅವಳಿಗೇ ತಿಳಿಯದಂತೆ ಕೆಳಗೆ ಜಾರುತ್ತಿತ್ತು. ಕೂಡ ಹಾಡುವ ಹೆಂಗಸರು ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯದೆ ಒಬ್ಬರ ಮೋರೆ ಒಬ್ಬರು ನೋಡುತ್ತಿದ್ದರು. ಬಸದಿಯ ಕಟ್ಟೆಯ ಮೇಲೆ ಕೂತವರೊಬ್ಬರು ನನಗೇ ಅಂದರು.

"ಪದ್ಮಕ್ಕಂದು ಇನ್ ಸಾಕ್ ಬಿಡ್ರಿ, ಪಾಪ. ನಿಮ್ಮ ಸೊಸಿ ತೃಪ್ತಿ ಹಾಡಲಿ, ದನಿ ಚಲೋ ಐತಿ."

ಅಕ್ಕ ನಾಲ್ಕು ಹೆಜ್ಜೆ ಹಿಂದೆಯೇ ಇದ್ದಳು. ಮನೆಗೆ ಬಂದು ತಾಳಗಳನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ತೃಪ್ತಿ, ಒಳ್ಳೆಯ ಹುಡುಗಿ ಅವಳು, ತನ್ನ ಮೊಬೈಲು ತಂದು ಅಕ್ಕನ ಮುಂದೆ ಹಿಡಿದಳು.

"ಅತ್ತೀ, ಇದರಾಗ ತಂಬೂರಿ ಐತ್ರಿ. ಒತ್ತಿದ್ರ ಬರೊಬ್ಬರಿ ನುಡೀತೈತಿ. ಇದರ ಕೂಡ ಹಾಡ್ರಿ, ದನಿ ಇಳ್ಯೂದಿಲ್ಲ."

ಅಕ್ಕ ಸ್ವಲ್ಪ ಹೊತ್ತು ಕೇಳಿದಳು. "ಇದು ಉಸರ ಹಿಡ್ಯೂದಿಲ್ಲ ಬಿಡೂದಿಲ್ಲ ಬೇ. ಇದರ ಬೆನ್ನ ಹತ್ತಿ ಹಾಡಿದ್ರ ನಂದ ಉಸರ ಹೋಗತೈತಿ" ಎಂದು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ. ಮರುದಿನ ಮುಂಜಾನೆ ನನ್ನ ಹೆಂಡತಿ ಲಕ್ಷ್ಮಿಬಾಯಿಗೆ ಒಂದು ದಪ್ಪನೆಯ ಕೌದಿ ಕೊಡು ಅಂದೆ.

"ಎಲ್ಲಿ ಮಲಗಾಕ ಹೊಂಟ್ರಿ?"

"ಮಿರಜಕ್ಕ."

ಅವಳಿಗೆ ತಿಳಿಯಿತು. ಹೊಸ ಕೌದಿಯನ್ನೇ ತೆಗೆದುಕೊಟ್ಟಳು.

ಗಲ್ಲಿಯ ನಾಲ್ಕನೆಯ ಅಂಗಡಿಯಲ್ಲಿ ನನಗಿಂತ ನಾಲ್ಕೈದು ವರ್ಷ ಸಣ್ಣವನಿರಬಹುದಾದ ಒಬ್ಬ ಮುದುಕ ಅರದಂಥ ಕಾನಸಿನಿಂದ ಕಟ್ಟಿಗೆ ಉಜ್ಜುತ್ತ ಕೂತಿದ್ದ. ಎಲ್ಲರೂ ಅವನಿಗೆ ಚಾಚಾ ಅನ್ನುತ್ತಿದ್ದರು. ಮಾಡಿನಿಂದ ಒಣಗಿದ ಬುರುಡೆಗಳು ನೇತಾಡುತ್ತಿದ್ದವು, ಒಂದೊಂದೂ ನೀರಿನ ಕೊಡದಷ್ಟು.

"ಬರ್ರಿ ಕಾಕಾ, ಬಸಾ, ಕುಂಡ್ರಿ. ಯಾರಿಗಿ ಬೇಕು?"

"ನಮ್ಮ ಅಕ್ಕಗ."

"ಅವರ ಪಟ್ಟಿ ಯಾವುದು?"

ಪಟ್ಟಿ ಅಂದರೆ ಯಾವ ಎತ್ತರದಲ್ಲಿ ಹಾಡುತ್ತಾರೆ ಎಂದು. ನನಗೇನು ಗೊತ್ತು? ಗೊತ್ತಿಲ್ಲ ಅಂದೆ.

"ಹಂಗಾರ ಅವರು ಹಾಡಿದಂಗ ನೀವ ಹಾಡಿ ತೋರ್ಸ್ರಿ."

ಅಷ್ಟು ಜನರ ನಡುವೆ ನಾನು ಕಣ್ಣು ಮುಚ್ಚಿ, ಅಕ್ಕ ಮುಂಜಾನೆ ಹಾಡುವ ಪದದ ಮೊದಲಿನ ಸಾಲನ್ನು ಅವಳ ಎತ್ತರದಲ್ಲೇ ಎತ್ತಿಕೊಂಡೆ. ದಿನಾ ಕೇಳಿದ್ದು, ತಪ್ಪುವುದಾದರೂ ಹೇಗೆ? ಒಳಗೆ ಕೆಲಸ ಮಾಡುತ್ತಿದ್ದವರು ಕಾನಸು ಕೆಳಗಿಟ್ಟು ನಕ್ಕರು. ಮುದುಕ ಹೆಂಗಸಿನ ದನಿ ತೆಗೆದರೆ ಯಾರಾದರೂ ನಗುತ್ತಾರೆ.

"ನಗಬ್ಯಾಡ್ರೋ" ಅಂದ ಚಾಚಾ. "ಮಂದಿ ಬರೇ ರೊಕ್ಕ ತಗೊಂಡ ಬರ್ತಾರ. ಇವರು ಅಕ್ಕನ ದನಿ ಹೊತ್ಕೊಂಡ ಬಂದಾರ." ಪೇಟಿಯ ಒಂದು ಮನೆ ಒತ್ತಿ ನೋಡಿ, "ಕಾಳಿ ತೀನ, ಮೂರನೇ ಕರಿ ಮನಿ. ಹೆಣ್ಮಕ್ಕಳಿಗಿ ತಗ್ಗಾತು. ವಯಸ್ಸಾಗೈತಿ ಅವರಿಗಿ, ಹೌದಿಲ್ಲೋ?" ಎಂದು ಕೇಳಿದ. ಹೌದು ಅಂದೆ.

ಅವನು ಒಂದೇ ಅಳತೆಯ ಎರಡು ತಂಬೂರಿ ತಂದು ಗೋಡೆಗೆ ಆನಿಸಿ ಇಟ್ಟ. ಬುರುಡೆಯ ಮುಂದಿನ ಹಲಗೆಯ ಮೇಲೆ, ನಾಲ್ಕೂ ತಂತಿ ಹಾದು ಹೋಗುವ ಕಡೆ, ಸಣ್ಣ ಪೀಠದಂಥದೊಂದು ಇರುತ್ತದೆ. ಅದಕ್ಕೆ ಕುದುರೆ ಅನ್ನುತ್ತಾರೆ, ಅವನು ಘೋಡಿ ಅಂದ. ಒಂದರ ಕುದುರೆ ಕರಿಯ ಕಟ್ಟಿಗೆಯದು. ಇನ್ನೊಂದರದು ಬೆಳ್ಳಗಿತ್ತು.

"ನಿಮ್ಮ ಹಣಿ ಮ್ಯಾಲಿನ ಗಂಧ ನೋಡಿ ಮೊದಲ ಹೇಳಿ ಬಿಡ್ತೀನಿ ಕಾಕಾ. ಈ ಬೆಳೀದು ಎಲುಬು. ನಿಮ್ಮ ಮಂದಿ ಕಟಗೀದ ಒಯ್ತಾರ. ನಿಮ್ಮವರ ಸಲುವಾಗೇ ಮಾಡಿ ಇಟ್ಟಿರ್ತೀನಿ."

"ಕಟಗೀದ ನುಡಸ್ರಿ" ಅಂದೆ.

ನುಡಿಸಿದ. ಚೆನ್ನಾಗಿತ್ತು. ತುಂಬಿದ, ಸಮಾಧಾನದ ದನಿ. ಅದನ್ನೇ ಕಟ್ಟಿಸಿಕೊಂಡು ಎದ್ದಿದ್ದರೆ ಆಗುತ್ತಿತ್ತು. ಆದರೆ ನಾನು, ಸುಮ್ಮನೆ ಕೇಳೋಣ, ಇನ್ನೊಂದನ್ನೂ ನುಡಿಸಿರಿ ಅಂದೆ.

ಅವನ ಬೆರಳು ಒಂದೊಂದೇ ತಂತಿ ದಾಟಿತು. ಮೊದಲನೆಯ ತಂತಿಯ ದನಿ ಇಳಿಯುವುದರೊಳಗೆ ಒಳಗಿಂದ ಇನ್ನೊಂದು ದನಿ ಎದ್ದು ಬಂತು, ಯಾರೂ ಮೀಟದ ದನಿ. ನಾಲ್ಕೂ ಕೂಡಿದ ಮೇಲೆ ಅಂಗಡಿಯೇ ಒಂದು ಗುಂಗಿನಲ್ಲಿ ನಿಂತಂತಾಯಿತು. ನನಗೆ ಸಂಗೀತ ಗೊತ್ತಿಲ್ಲ. ಆದರೆ ಅಕ್ಕನ ದನಿ ಎಲ್ಲಿ ಜಾರುತ್ತದೆಂದು ಗೊತ್ತಿತ್ತು, ಅಲ್ಲಿ ಈ ದನಿ ಅವಳ ರೆಟ್ಟೆ ಹಿಡಿದುಕೊಳ್ಳುತ್ತದೆಂದೂ ಗೊತ್ತಾಯಿತು. ಐವತ್ನಾಲ್ಕು ವರ್ಷ ತಡ ಮಾಡಿದವನು ಕಡಿಮೆಯದನ್ನು ಒಯ್ಯುವುದು ಹೇಗೆ?

"ಯಾವುದರ ಎಲುಬ್ರಿ?"

"ಒಂಟೀದು. ರಾಜಸ್ಥಾನದ ಕಡಿಂದ ಬರತೈತಿ."

"ಇದನ್ನ ಕೊಡ್ರಿ."

ಅವನು ಕನ್ನಡಕ ಮೇಲೆ ಸರಿಸಿದ. "ಕಟಗೀದ ಒಯ್ರಿ ಕಾಕಾ. ಮನ್ಯಾಗ ಸುಮ್ಮ ಕಿರಿಕಿರಿ ಯಾಕ? ಅಕ್ಕಾರಿಗಿ ಗೊತ್ತಾದ್ರ?"

"ನಾ ಹೇಳಿದ್ರ ಗೊತ್ತಾಗತೈತಿ" ಅಂದೆ.

ಅವನು ತಂತಿಗಳನ್ನು ಸಡಿಲ ಮಾಡಿದ, ಕುದುರೆಯ ಮೇಲೆ ಬಟ್ಟೆ ಸುತ್ತಿದ, ಮನೆಯಲ್ಲಿ ಮತ್ತೆ ಬಿಗಿದು ಸುರ ಹೊಂದಿಸುವುದು ಹೇಗೆಂದು ಎರಡೆರಡು ಸಲ ತೋರಿಸಿದ. ಕುದುರೆಗೂ ತಂತಿಗೂ ನಡುವೆ ತೂರಿಸುವ ಹತ್ತಿಯ ಎಳೆಗಳನ್ನು ಒಂದು ಕಾಗದದಲ್ಲಿ ಮಡಚಿ ನನ್ನ ಕಿಸೆಗೆ ಹಾಕಿದ. ಎಳೆ ಒಂದು ಕೂದಲಷ್ಟು ಸರಿದರೂ ದನಿ ಸಾಯುತ್ತದೆ, ಅಕ್ಕಾರಿಗೆ ಹೇಳಿರಿ ಅಂದ.

ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯಲ್ಲಿ ಕಿಡಕಿಯ ಹತ್ತಿರ ಜಾಗ ಸಿಕ್ಕಿತು. ಕೌದಿ ಸುತ್ತಿದ ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ ಬುರುಡೆಯ ಕೆಳಗೆ ಕೈ ಕೊಟ್ಟು ಕೂತೆ. ಎದುರಿಗೆ ಮುಗಳಖೋಡದ ಮಲಕಾರಿ ಅನ್ನುವವನು, ಹೆಂಡತಿಯನ್ನು ಮಿರಜದ ದವಾಖಾನೆಗೆ ಸೇರಿಸಿ ಒಬ್ಬನೇ ತಿರುಗಿ ಹೊರಟಿದ್ದ. ಮಾತಿಲ್ಲದೆ ಕೂರುವ ಮನುಷ್ಯನಲ್ಲ.

"ಕೂಸಿಗಿ ತಿಕೀಟ ತಗಸೀರೇನ್ರಿ ಯಜಮಾನ್ರ?"

"ಇನ್ನೂ ಐದ ವರ್ಷ ಆಗಿಲ್ಲ" ಅಂದೆ.

ಡಬ್ಬಿಯ ಮಂದಿ ನಕ್ಕರು. ಒಬ್ಬ ಹೆಣ್ಣುಮಗಳು ನಿಜವಾಗಿಯೂ ಕೂಸೆಂದು ತಿಳಿದು, ಮೋರೆ ಮುಚ್ಚಬ್ಯಾಡ್ರಿ ಉಸರ ಕಟ್ಟತೈತಿ ಎಂದಿದ್ದಳು. ಈಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದಳು. ನಾನು ಕೌದಿಯ ತುದಿ ಸರಿಸಿ ತೋರಿಸಿದೆ.

"ಓ, ತಂಬೂರಿ" ಅಂದ ಮಲಕಾರಿ. "ನಮ್ಮೂರ ಭಜನ್ಯಾಗ ಏಕತಾರಿ ಐತ್ರಿ. ಅದರ ಬುಡಕ್ಕ ಆಡಿನ ತೊಗಲ ಹಾಕಿರ್ತಾರ. ಇದಕ ಏನ ಹಾಕ್ಯಾರ?"

"ಇದಕ ತೊಗಲಿಲ್ಲ."

"ಹಂಗಾರ ಪಕ್ಕಾ ಜೈನರ ತಂಬೂರಿ ಅನ್ರಿ. ಹುಲ್ಲ ತಿಂದ ಬದಕೂದು."

"ಹೌದು" ಅಂದೆ.

ಅವನು ಉಗಾರದಿಂದ ಕುಡಚಿಯವರೆಗೆ ಹೆಂಡತಿಯ ಬೇನೆಯ ಕತೆ ಹೇಳಿದ. ನಾನು ಹ್ಞೂಂ ಅನ್ನುತ್ತಿದ್ದೆ. ತಲೆಯೊಳಗೆ ಆ ಒಂದು ಹೌದು ಕೂತಿತ್ತು. ಗುರುತಿಲ್ಲದವನಿಗೆ ಹೇಳಲು ಎಷ್ಟು ಸಲೀಸಾಯಿತಲ್ಲ, ಮನೆಯಲ್ಲಿಯೂ ಇಷ್ಟೇ ಎಂದುಕೊಂಡೆ. ಕೃಷ್ಣೆಯ ಸೇತುವೆಯ ಮೇಲೆ ಗಾಡಿ ಹೋಗುವಾಗ ಮಳೆ ಶುರುವಾಯಿತು. ರಾಯಬಾಗದಲ್ಲಿ ಇಳಿದು ಟಂಟಂ ರಿಕ್ಷಾ ಹಿಡಿದೆ. ಒಂದು ಬದಿಯಿಂದ ಎರಚಲು ಹೊಡೆಯುತ್ತಿತ್ತು, ಆ ಬದಿಗೆ ನಾನು ಬೆನ್ನು ಕೊಟ್ಟು ಕೂತೆ.

ಬಾಗಿಲಲ್ಲಿ ಲಕ್ಷ್ಮಿಬಾಯಿ ಮೊದಲು ಕೌದಿ ಮುಟ್ಟಿ ನೋಡಿದಳು. ಒಣಗಿತ್ತು. "ನೀವ ತೊಯ್ದ ಗೂಗಿ ಆಗೀರಿ, ಒಳಗ ಬರ್ರಿ" ಅಂದಳು.

ಅಕ್ಕ ಕೈಕಾಲು ತೊಳೆದು, ಮಡಿಯ ಬಿಳಿ ಸೀರೆ ಉಟ್ಟು ಬಂದು ಕೂತಳು. ಕೌದಿ ಬಿಚ್ಚಿದವಳು ತೃಪ್ತಿ. ಅಕ್ಕ ಬುರುಡೆಯ ಬೆನ್ನು ಸವರಿದಳು, ಮೇಲಿನ ಗೂಟ ಒಂದೊಂದೇ ಮುಟ್ಟಿದಳು, ಹಲಗೆಯ ಮೇಲೆ ಕೈ ಆಡಿಸುತ್ತ ಬಂದು ಕುದುರೆಯ ಮೇಲೆ ಬೆರಳು ನಿಲ್ಲಿಸಿದಳು.

"ಎಷ್ಟ ನುಣುಪ ಐತಿ ನೋಡಿದು, ಬೆಳ್ಳಗ."

"ಪ್ಲಾಸ್ಟಿಕ್ ಇರಬೇಕ್ರಿ ಅತ್ತಿ" ಅಂದಳು ತೃಪ್ತಿ. "ಈಗ ಎಲ್ಲಾ ಅದನ್ನ ಹಾಕ್ತಾರ."

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ. ನಾನು ಒದ್ದೆ ಅಂಗಿ ತೆಗೆಯುವ ನೆವದಲ್ಲಿ ಒಳಗೆ ಹೋದೆ.

ಸುರ ಹೊಂದಿಸಲು ಅವಳಿಗೆ ಎಂಟು ದಿನ ಹಿಡಿಯಿತು. ಆಮೇಲೆ ಚಾತುರ್ಮಾಸ ಕೂಡಿತು. ಮೊದಲನೆಯ ದಿನ ಅಕ್ಕ ತಂಬೂರಿ ಹಿಡಿದು ಮಾತಾಜಿಯವರ ಎದುರು ಕೂತು ಮೀಟಿದಾಗ ಕಟ್ಟೆಯ ಮೇಲೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಅಕ್ಕ ಪದ ಎತ್ತಿಕೊಂಡಳು. ಜಾರಬೇಕಾದ ಕಡೆ ದನಿ ಜಾರಲಿಲ್ಲ. ತಂಬೂರಿಯ ಗುಂಗಿನ ಮೇಲೆ ಕಾಲಿಟ್ಟು ದಾಟಿಕೊಂಡು ಹೋಯಿತು. ಹಿಂದೆ ಹಾಡುವ ಹೆಂಗಸರಿಗೆ ಸೇರುವ ಜಾಗ ಸಿಕ್ಕಿತು.

ದಿನ ಕಳೆದಂತೆ ಅವಳ ಬೆನ್ನು ನೆಟ್ಟಗಾಯಿತು. ಬೆಳಗಿನ ಐದಕ್ಕೆ ಎದ್ದು ಸ್ನಾನ ಮಾಡಿ ಅರ್ಧ ತಾಸು ಗೂಟ ತಿರುವುತ್ತ, ಎಳೆ ಸರಿಸುತ್ತ ಕೂರುತ್ತಿದ್ದಳು. ಮರೆತೇ ಹೋಗಿದ್ದ ಪದಗಳು, ನಮ್ಮ ಅಜ್ಜಿ ಹಾಡುತ್ತಿದ್ದವು, ಒಂದೊಂದೇ ಬಾಯಿಗೆ ಬಂದವು. ಅಥಣಿ, ಚಿಕ್ಕೋಡಿಯ ಕಡೆಯಿಂದ ದರ್ಶನಕ್ಕೆ ಬಂದವರು ಪ್ರವಚನಕ್ಕೆ ತಡವಾದರೂ ಪದಕ್ಕೆ ತಡ ಮಾಡುತ್ತಿರಲಿಲ್ಲ. ಒಂದು ದಿನ ಮಾತಾಜಿಯವರೇ, "ಈ ದನಿಯಲ್ಲಿ ಮನಸ್ಸು ನಿಲ್ಲುತ್ತದಮ್ಮ" ಅಂದರು. ಅಕ್ಕ ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ.

ನಾನು ಹಿಂದಿನ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಎಲ್ಲರೂ ಕಣ್ಣು ಮುಚ್ಚುತ್ತಿದ್ದರು, ನಾನು ಆ ಬಿಳಿಯ ತುಂಡು ನೋಡುತ್ತಿದ್ದೆ. ಅದನ್ನು ಅವಳು ಜಿನಬಿಂಬದ ಎದುರಿಗೆ ಒಯ್ಯುತ್ತಿದ್ದಳು. ಅದನ್ನು ಮುಟ್ಟಿದ ಬೆರಳಿನಿಂದಲೇ ಅಕ್ಷತೆ ಏರಿಸುತ್ತಿದ್ದಳು. ಹೇಳಿಬಿಡಲೇ ಎಂದು ಎಷ್ಟೋ ಸಲ ಅನಿಸಿತು. ಹಾಡು ಕೇಳಿದಾಗ, ಬೇಡ, ನನ್ನ ಪಾಪ ನನಗಿರಲಿ, ಅವಳು ಹಾಡಲಿ ಅನಿಸಿತು. ಹಾಗೆ ಎರಡು ತಿಂಗಳು ಹೋಯಿತು.

ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಇರುತ್ತದೆ. ಅಂದು ಒಬ್ಬರಿಗೊಬ್ಬರು ಕೈಮುಗಿದು, ತಿಳಿದು ತಿಳಿಯದೆ ತಪ್ಪಾಗಿದ್ದರೆ ಕ್ಷಮೆ ಇರಲಿ ಎಂದು ಕೇಳಿಕೊಳ್ಳುತ್ತಾರೆ. ಗಂಡ ಹೆಂಡತಿಗೆ, ಅತ್ತೆ ಸೊಸೆಗೆ, ಹೊಲದ ಗಡಿಯ ಬಾಂದಿನ ಸಲುವಾಗಿ ಕೋರ್ಟಿನಲ್ಲಿರುವವರೂ ಒಬ್ಬರಿಗೊಬ್ಬರು. ತಪ್ಪಿನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಅದು ಪ್ರತಿ ವರ್ಷ ನಡೆಯುತ್ತದೆ ಎಂದು ಈಗ ನನಗೆ ಅನಿಸುತ್ತದೆ.

ಅಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದೆ. ಅಕ್ಕ ಬಂದಳು. ಹಿರಿಯಳು, ನಾನೇ ಹೋಗಬೇಕಾಗಿತ್ತು. ಅವಳೇ ಮೊದಲು ಕೈಮುಗಿದಳು.

"ಉತ್ತಮ ಕ್ಷಮಾ, ಆಬಾ."

"ಉತ್ತಮ ಕ್ಷಮಾ ಅಕ್ಕ" ಎಂದು ನಾನು ಅವಳ ಕಾಲಿಗೆ ಬಾಗಿದೆ. ಅಲ್ಲಿಗೆ ಮುಗಿಯಬೇಕಾಗಿತ್ತು. ಅವಳು ಹೋಗಲಿಲ್ಲ. ದನದ ಗೂಟಕ್ಕೆ ಕೈ ಆನಿಸಿ ನಿಂತಳು.

"ಒಂದ ಮಾತ ಹೇಳ್ತೀನಿ. ನಿನ್ನ ಮ್ಯಾಲ ಮನಸಿನ್ಯಾಗ ಸಿಟ್ಟ ಇಟ್ಕೊಂಡಿದ್ನೋ. ಬಾಳ ವರ್ಷ. ತಂಬೂರಿ ತರತೀನಿ ಅಂದಾಂವ ತರಲಿಲ್ಲ, ಮಿರಜಕ್ಕ ಹೋಗಿ ಮಂದಿಗೆಲ್ಲಾ ಏನೇನೋ ತಂದಾ ಅಂತ. ಮ್ಯಾಲ ನಗತಿದ್ದೆ, ಒಳಗ ಸಿಟ್ಟ ಇತ್ತು. ನೀ ತಂದ ಮ್ಯಾಲ ನನಗ ನಾಚಿಕಿ ಬಂತು. ಅದಕ ಕ್ಷಮಾ ಕೇಳಾಕತ್ತೀನಿ."

ಅವಳು ತನ್ನದನ್ನು ಹೆಸರಿಟ್ಟು ಹೇಳಿದಳು. ಎಪ್ಪತ್ತೈದು ವರ್ಷದವಳು, ನನ್ನೆದುರು ಕೈಮುಗಿದು. ನಾನು ಸುಮ್ಮನಿದ್ದರೆ ಆ ಕೈ ಒಬ್ಬ ಸುಳ್ಳುಗಾರನಿಗೆ ಮುಗಿದದ್ದಾಗುತ್ತಿತ್ತು. ಮೇವಿನ ಸಿವುಡು ಕೆಳಗಿಟ್ಟೆ.

"ಅಕ್ಕ, ಆ ಬೆಳ್ಳನ್ನ ಕುದುರಿ ಪ್ಲಾಸ್ಟಿಕ್ ಅಲ್ಲ. ಎಲುಬು."

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮೋರೆ ಬದಲಾಗಲಿಲ್ಲ, ಕೈ ಮಾತ್ರ ಗೂಟದಿಂದ ಕೆಳಗಿಳಿಯಿತು.

"ಯಾವುದರದು?"

"ಒಂಟೀದು ಅಂದಾ."

"ತಾನ ಸತ್ತದ್ದೋ, ಕೊಂದದ್ದೋ?"

"ಕೇಳಲಿಲ್ಲ."

"ಕೇಳಬೇಕಾಗಿತ್ತು" ಅಂದಳು. "ಮೊದಲ ಗೊತ್ತಿತ್ತಾ ನಿನಗ?"

"ಗೊತ್ತಿತ್ತು. ಆಂವ ಹೇಳಿದ್ದಾ. ದನಿ ಚಲೋ ಇತ್ತಂತ ನಾನ ತಂದೆ."

"ಕ್ಷಮಾ ಐತಿ" ಅಂದಳು ಅಕ್ಕ. ತಡ ಮಾಡಲಿಲ್ಲ, ದನಿ ಏರಿಸಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳುವ ಸಪ್ಪಳ ಬಹಳ ಹೊತ್ತು ಕೇಳಿಸಿತು.

ಸಂಜೆ ಅವಳು ಮಾತಾಜಿಯವರ ಹತ್ತಿರ ಹೋದಳು. ನಾನೂ ಹೋದೆ. ಅಂಗಡಿಯಲ್ಲಿ ಎರಡನ್ನೂ ಕೇಳಿದ್ದರಿಂದ ಹಿಡಿದು ಹೇಳಬೇಕಾದ್ದನ್ನೆಲ್ಲ ನಾನೇ ಹೇಳಿದೆ. ಮಾತಾಜಿಯವರು ನವಿಲುಗರಿಯ ಪಿಂಛಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಅಕ್ಕನಿಗೆ ಮೂರು ದಿನ ಏಕಾಶನ ಹೇಳಿದರು, ಅಂದರೆ ದಿನಕ್ಕೆ ಒಂದೇ ಊಟ. ನನಗೆ ಅದಕ್ಕಿಂತ ಹೆಚ್ಚಿನದನ್ನು ಹೇಳಿದರು. "ಎಲುಬು ತೆಗೆಸಿ ಕಟ್ಟಿಗೆಯದು ಹಾಕಿಸಿರಿ. ಹಾಡು ಬಿಡಬೇಡಮ್ಮ" ಅಂದರು. ನನಗೆ ಉಸಿರು ಬಂದಂತಾಯಿತು. ಇಷ್ಟಕ್ಕೆ ಮುಗಿಯಿತಲ್ಲ ಎಂದುಕೊಂಡೆ.

ಮರುದಿನವೇ ಅದೇ ಕೌದಿಯಲ್ಲಿ ಸುತ್ತಿ ಮಿರಜಕ್ಕೆ ಒಯ್ದೆ. ಚಾಚಾ ನನ್ನನ್ನು ನೋಡಿದ, ಕೌದಿ ನೋಡಿದ.

"ಹೇಳಿದ್ರೇನು?"

"ಹೇಳಿದೆ."

ಕರಿಯ ಕಟ್ಟಿಗೆಯ ಕುದುರೆ ಕೂರಿಸಿ, ಕಾನಸು ಹೊಡೆದು, ತಂತಿ ಏರಿಸಿ, ಇಳಿಸಿ, ಮತ್ತೆ ಕಾನಸು ಹೊಡೆದು, ಮೂರು ತಾಸು ಮಾಡಿದ. ತನಗೆ ಸರಿಬರುವತನಕ ಏಳಲಿಲ್ಲ. ನುಡಿಸಿ ತೋರಿಸಿದಾಗ ಮೊದಲ ದಿನ ಕೇಳಿದ್ದ ಆ ತುಂಬಿದ, ಸಮಾಧಾನದ ದನಿಯೇ ಬಂತು. ಎಲುಬಿನ ತುಂಡನ್ನು ನನ್ನ ಮುಂದೆ ಸರಿಸಿ, ಇದು ನಿಮ್ಮದು ಅಂದ. ಇಲ್ಲೇ ಇರಲಿ ಅಂದೆ. ತಿರುಗಿ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಿಸಲಿಲ್ಲ, ನನಗೂ ಬೇಕಾಗಿರಲಿಲ್ಲ.

ಏಕಾಶನ ಮುಗಿಸಿ ಅಕ್ಕ ತಂಬೂರಿ ತೊಡೆಗೆ ತೆಗೆದುಕೊಂಡಳು. ಬಸದಿಗೂ ಒಯ್ದಳು. ಹಾಡಿದಳು. ಜನರಿಗೆ ಬದಲಾದದ್ದು ತಿಳಿಯಲಿಲ್ಲ. ಚೆನ್ನಾಗಿಯೇ ಇತ್ತು ಅಂದರು, ಚೆನ್ನಾಗಿಯೇ ಇತ್ತು. ಆದರೆ ಪದದ ನಡುನಡುವೆ ಅವಳು ನಿಲ್ಲುತ್ತಿದ್ದಳು, ಯಾರೋ ಕರೆದರೇನೋ ಎಂದು ಕಿವಿಗೊಡುವವರ ಹಾಗೆ. ಎಳೆ ಸರಿಸುವಳು, ಮತ್ತೆ ಸರಿಸುವಳು. ನಾಲ್ಕನೆಯ ದಿನ ಬಸದಿಗೆ ಬರಿಗೈಯಲ್ಲಿ ಹೊರಟಳು. ತಾಳವನ್ನೂ ತೆಗೆದುಕೊಳ್ಳಲಿಲ್ಲ. ತೃಪ್ತಿಯನ್ನು ಮುಂದೆ ಕೂರಿಸಿ, ನೀ ಹಾಡು ಅಂದಳು.

ಆ ಪದಗಳು ತೃಪ್ತಿಗೆ ಬರುತ್ತಿದ್ದವು. ಅವಳು ಅಳುತ್ತಲೇ ಹಾಡಿದಳು. ಮಾತಾಜಿಯವರು ಅಕ್ಕನನ್ನು ಕರೆದು ಕೇಳಿದರು. ಅಕ್ಕ ಕೈಮುಗಿದು, ಹಿಂದೆ ಸರಿದು ಹೆಂಗಸರ ಸಾಲಿನಲ್ಲಿ ಕೂತಳು.

ಚಾತುರ್ಮಾಸ ಮುಗಿಯಿತು, ಮಾತಾಜಿಯವರು ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ ವಿಹಾರ ಹೊರಟು ಹೋದರು. ಒಂದು ಸಂಜೆ ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತ ಕೂತಿದ್ದಳು. ನಾನು ಹೋಗಿ ಎದುರಿಗೆ ಕೂತೆ. ಎರಡು ತಿಂಗಳು ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

"ಮಾತಾಜಿ ಅವರ ಹಾಡು ಅಂದ್ರು. ಎಲುಬ ತಗಿಸಿ ಆತು. ಇನ್ನ ಯಾಕ ಸುಮ್ಮಕ ಕುಂತಿ ಅಕ್ಕ? ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟಿಲ್ಲೋ. ಕ್ಷಮಾ ಅಂದ ಮ್ಯಾಲ ಸಿಟ್ಟ ಹೆಂಗ ಇಟ್ಕೊಳ್ಳಿ?" ಮೊರದ ಕಡೆ ನೋಡುತ್ತಲೇ ಮಾತಾಡಿದಳು. "ಆ ದನಿ ಕಿವ್ಯಾಗ ಕುಂತೈತಿ. ಕಟಗೀದು ಮೀಟಿದಾಗೊಮ್ಮೆ ಅದು ಬೇಕ ಅನಸ್ತೈತಿ. ಜಿನೇಂದ್ರನ ಮುಂದ ಕುಂತು ಎಲುಬ ಬೇಡಿದಂಗ. ತೊಗಲ ಬಿಟ್ಟೆ, ರೇಶಿಮಿ ಬಿಟ್ಟೆ, ಅವೆಲ್ಲಾ ಕೈಲೇ ಬಿಡೂವಂಥಾವು. ಇದನ್ನ ಎಲ್ಲಿಂದ ಬಿಡ್ಲಿ? ಹಾಡಿದ್ರ ಬರತೈತಿ. ಅದಕ ಹಾಡೂದ ಬ್ಯಾಡ."

ಅವಳು ಎರಡು ಕಲ್ಲು ಆರಿಸಿ ಬದಿಗೆ ಹಾಕಿದಳು.

"ಆಬಾ, ಅಂಗಡ್ಯಾಗ ನೀ ಎರಡೂ ಕೇಳಿದ್ಯಂತಲ್ಲಾ."

"ಕೇಳಿದೆ."

"ಕಟಗೀದು ಹೆಂಗಿತ್ತು, ಕೆಟ್ಟಿತ್ತೇನು?"

"ಇಲ್ಲ. ಚಲೋ ಇತ್ತು."

"ಮತ್ತ ನನಗ ಅದ ಸಾಕಾಗತಿತ್ತಲ್ಲೋ" ಅಂದಳು. "ನಾ ಎಲ್ಲಿ ಇನ್ನೊಂದ ಕೇಳಿದ್ದೆ?"

ಹೊರಗೆ ಹೊತ್ತು ಇಳಿಯುತ್ತಿತ್ತು. ಕತ್ತಲಾದ ಮೇಲೆ ನಾವು ಉಣ್ಣುವುದಿಲ್ಲ. ಅಕ್ಕ ಅಕ್ಕಿಯನ್ನು ಬುಟ್ಟಿಗೆ ಸುರಿದು, ಮೊರವನ್ನು ಗೋಡೆಗೆ ಒರಗಿಸಿ, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಏಳು, ಕೈ ತೊಳಕೋ ಎಂದು ಒಳಗೆ ಹೋದಳು.